ಪರಿಚಯ ಪತ್ರದಲ್ಲಿ ಇಲ್ಲದ ಪರಿಚಯ

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಣ ಬೈರಿದೇವರಕೊಪ್ಪ ಒಂದು ಕಾಲಕ್ಕೆ ಹಳ್ಳಿ. ಈಗ ಅವಳಿ ನಗರದ ಒಂದು ಭಾಗ. ಇಲ್ಲಿಂದ ಹುಬ್ಬಳ್ಳಿಯ ಕಡೆ ಹೊರಟರೆ ವಿದ್ಯಾನಗರದಲ್ಲಿ, 1947ರಲ್ಲಿ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಾಗಿ ಆರಂಭವಾಗಿ 2015ರಿಂದ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವೆನಿಸಿರುವ ಸಂಸ್ಥೆಯಿದೆ. ಧಾರವಾಡದ ಕಡೆ ಹೊರಟರೆ ತಡಸಿನಕೊಪ್ಪದಲ್ಲಿ ಐಐಐಟಿ, ಅದರಾಚೆಗೆ 2016ರಲ್ಲಿ ಆರಂಭವಾದ ಐಐಟಿ. ಇವುಗಳ ಜೊತೆಗೆ ಹಲವು ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳು. ಹೀಗಾಗಿ ಈ ಹಾದಿಯಲ್ಲಿ ವರ್ಷವಿಡೀ ಒಂದಲ್ಲ ಒಂದು ಕಡೆ ತಂತ್ರಜ್ಞಾನದ ವಿಚಾರ ಸಂಕಿರಣ ನಡೆದೇ ಇರುತ್ತದೆ. ಗಣಿತದ ನಿವೃತ್ತ ಮೇಷ್ಟ್ರಾದ ನನಗೂ ಹಳೆಯ ಶಿಷ್ಯರ ವಿಶ್ವಾಸದಿಂದ ಆಹ್ವಾನ ಪತ್ರಿಕೆಗಳು ಬರುತ್ತವೆ. ಹೋಗುತ್ತೇನೆ, ಹಿಂದಿನ ಸಾಲಿನಲ್ಲಿ ಕೂಡುತ್ತೇನೆ, ಊಟ ಮಾಡಿ ಬರುತ್ತೇನೆ.

ಸಾಫ್ಟ್‌ವೇರ್ ಎಂಜಿನಿಯರಿಂಗ್ ಕುರಿತ ಇಂಥ ಸಂಕಿರಣಗಳಲ್ಲಿ ನನ್ನ ಗಮನ ಸೆಳೆಯುವುದು ಉಪನ್ಯಾಸಕ್ಕಿಂತ ಅದಕ್ಕೆ ಮುಂಚೆ ಓದುವ ಪರಿಚಯ. ಇಂಥವರು ಇಂಥ ಕಂಪನಿಯ ಉಪಾಧ್ಯಕ್ಷರು, ಇಪ್ಪತ್ತೆರಡು ವರ್ಷಗಳ ಅನುಭವ, ಹತ್ತಾರು ದೇಶಗಳ ಪ್ರವಾಸ, ಇಷ್ಟು ನೂರು ಜನರ ತಂಡದ ನಾಯಕತ್ವ. ನಾಲ್ಕು ಜನ ಭಾಷಣಕಾರರಿದ್ದರೆ ನಾಲ್ಕೂ ಪರಿಚಯಗಳು ಒಂದೇ ಅಚ್ಚಿನಿಂದ ಇಳಿದ ಬೆಲ್ಲದಂತಿರುತ್ತವೆ. ಅವರು ಕಟ್ಟಿದ ವ್ಯವಸ್ಥೆ ಯಾವುದು, ಅದನ್ನು ಯಾರು ಬಳಸಿದರು, ಈ ವೃತ್ತಿಗೆ ಬರುವ ಮುನ್ನ ಅವರು ಏನು ಓದಿದ್ದರು, ಎಲ್ಲಿ ದುಡಿದಿದ್ದರು ಎಂಬುದರ ಸುಳಿವೇ ಇರುವುದಿಲ್ಲ. ಹುದ್ದೆ ತಿಳಿಯುತ್ತದೆ, ಮನುಷ್ಯ ತಿಳಿಯುವುದಿಲ್ಲ. ಇದು ಬರಿಯ ಔಪಚಾರಿಕ ಲೋಪವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪದು. ಸಭಾಂಗಣದಲ್ಲಿ ಕುಳಿತವರಲ್ಲಿ ಗದಗ, ಹಾವೇರಿ, ಕೊಪ್ಪಳದ ಹಳ್ಳಿಗಳಿಂದ ಬಂದ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳಿರುತ್ತಾರೆ. ಈ ವಿದ್ಯೆ ಯಾರದು, ಯಾವ ದಾರಿಯಿಂದ ಬಂದವರಿಗೆ ಇಲ್ಲಿ ಜಾಗವಿದೆ ಎಂಬುದನ್ನು ಅವರು ಕಲಿಯುವುದು ಪಠ್ಯದಿಂದಲ್ಲ, ವೇದಿಕೆಯ ಮೇಲೆ ಯಾರು ಕೂತಿದ್ದಾರೆ ಎಂಬುದರಿಂದ.

'ಸಾಫ್ಟ್‌ವೇರ್ ಎಂಜಿನಿಯರಿಂಗ್' ಎಂಬ ಹೆಸರನ್ನೇ ಜಗತ್ತಿನಲ್ಲಿ ಪ್ರಚಾರಕ್ಕೆ ತಂದದ್ದು ಒಂದು ಸಂಕಿರಣ. 1968ರ ಅಕ್ಟೋಬರ್‌ನಲ್ಲಿ ಜರ್ಮನಿಯ ಗಾರ್ಮಿಶ್ ಎಂಬ ಊರಿನಲ್ಲಿ ನ್ಯಾಟೋದ ವಿಜ್ಞಾನ ಸಮಿತಿ ಅದನ್ನು ಏರ್ಪಡಿಸಿತ್ತು. ಸೇರಿದವರು ಸುಮಾರು ಐವತ್ತು ಜನ. ಅವರ ಹಿನ್ನೆಲೆ ನೋಡಿ. ವರದಿಯ ಸಂಪಾದಕರಲ್ಲಿ ಒಬ್ಬರಾದ ಪೀಟರ್ ನೌರ್ ಮೂಲತಃ ಖಗೋಳ ವಿಜ್ಞಾನಿ. ಅಧ್ಯಕ್ಷತೆ ವಹಿಸಿದ್ದ ಬಾವರ್ ಗಣಿತ, ಭೌತಶಾಸ್ತ್ರಗಳಿಂದ ಬಂದವರು. ಅಮೆರಿಕದ ಆಲನ್ ಪರ್ಲಿಸ್ ಮೊದಲು ಓದಿದ್ದು ರಸಾಯನಶಾಸ್ತ್ರ. ಹಾಲೆಂಡಿನ ಡೈಕ್‌ಸ್ಟ್ರಾ ಸೈದ್ಧಾಂತಿಕ ಭೌತಶಾಸ್ತ್ರದ ವಿದ್ಯಾರ್ಥಿ. 1957ರಲ್ಲಿ ಮದುವೆಯ ನೋಂದಣಿಗೆ ಹೋದಾಗ ವೃತ್ತಿಯ ಜಾಗದಲ್ಲಿ 'ಪ್ರೋಗ್ರಾಮರ್' ಎಂದು ಬರೆದರೆ ಆಮ್‌ಸ್ಟರ್‌ಡ್ಯಾಮಿನ ನಗರಾಡಳಿತ ಅಂಥ ವೃತ್ತಿಯೇ ಇಲ್ಲವೆಂದು ಒಪ್ಪಲಿಲ್ಲವಂತೆ. ಕೊನೆಗೆ ಅವರು ಸೈದ್ಧಾಂತಿಕ ಭೌತವಿಜ್ಞಾನಿಯಾಗಿಯೇ ಮದುವೆಯಾದರು! ಇದನ್ನು ಅವರೇ 1972ರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಹೇಳಿಕೊಂಡಿದ್ದಾರೆ. ಗಾರ್ಮಿಶ್‌ಗೆ ಹೋಗದಿದ್ದರೂ ಅದೇ ಕಾಲದವರಾದ ಟೋನಿ ಹೋರ್ ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ಗ್ರೀಕ್, ಲ್ಯಾಟಿನ್ ಮತ್ತು ತತ್ತ್ವಶಾಸ್ತ್ರ. ಇಂದು ಎಲ್ಲ ವಿದ್ಯಾರ್ಥಿಗಳೂ ಕಲಿಯುವ 'ಕ್ವಿಕ್‌ಸಾರ್ಟ್' ವಿಧಾನ ಅವರದು.

ಇಲ್ಲಿ ಒಂದು ಎಚ್ಚರ ಬೇಕು. ಆ ವೈವಿಧ್ಯ ಯಾರೂ ಆರಿಸಿಕೊಂಡದ್ದಲ್ಲ. ಆಗ ಕಂಪ್ಯೂಟರ್ ವಿಜ್ಞಾನದ ಪದವೀಧರರೇ ವಿರಳವಾಗಿದ್ದರಿಂದ ಬೇರೆಡೆಯಿಂದ ಬರುವುದು ಅನಿವಾರ್ಯವಾಗಿತ್ತು. ನಮ್ಮ ದೇಶದಲ್ಲೂ ಹಾಗೆಯೇ. ಟಿಸಿಎಸ್ ಅನ್ನು ಬೆಳೆಸಿದ ಎಫ್.ಸಿ. ಕೊಹ್ಲಿ ಟಾಟಾ ವಿದ್ಯುತ್ ಕಂಪನಿಯಿಂದ ಬಂದ ಎಂಜಿನಿಯರ್. ಧಾರವಾಡದಲ್ಲಿ ಓದಿದ ನಂದನ್ ನಿಲೇಕಣಿ, ಹುಬ್ಬಳ್ಳಿಯ ಬಿ.ವಿ.ಬಿ.ಯಲ್ಲಿ ಪದವಿ ಪಡೆದ ಸುಧಾ ಮೂರ್ತಿ, ಹುಬ್ಬಳ್ಳಿಯಲ್ಲೇ ಹುಟ್ಟಿ ಅಮೆರಿಕದಲ್ಲಿ ಸಂಪರ್ಕಜಾಲದ ಉದ್ಯಮ ಕಟ್ಟಿದ ಗುರುರಾಜ ದೇಶಪಾಂಡೆ ಮೂವರೂ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವೀಧರರು. ಇವರ ಹೆಸರನ್ನು ನಮ್ಮ ಸಂಕಿರಣಗಳು ಅಭಿಮಾನದಿಂದ ಉಚ್ಚರಿಸುತ್ತವೆ. ಆದರೆ ಅದೇ ಸಭೆಯ ಕೊನೆಯಲ್ಲಿ, ಕ್ಯಾಂಪಸ್ ನೇಮಕಾತಿಗೆ ಯಾವ ವಿಭಾಗದವರು ಮಾತ್ರ ಅರ್ಹರು ಎಂಬ ಪಟ್ಟಿ ಓದಿದ್ದನ್ನೂ ನಾನು ಕೇಳಿದ್ದೇನೆ. ಹಿಂದೆ ತಾನಾಗಿ ಒದಗುತ್ತಿದ್ದ ಹೊರಗಿನ ಅನುಭವವನ್ನು ಇಂದು ಬೇಕೆಂದೇ ಕರೆತರಬೇಕಾಗಿದೆ. ಆ ಕೆಲಸ ಮಾಡಬಹುದಾದ ಜಾಗ ಸಂಕಿರಣವೇ.

ಹೊರಗಿನ ಅನುಭವದಿಂದ ತಂತ್ರಾಂಶಕ್ಕೆ ಆಗುವ ಲಾಭವೇನು ಎಂದು ಕೇಳುವವರಿಗೆ ಕನ್ನಡದ್ದೇ ಉದಾಹರಣೆ ಇದೆ. ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚಿಸುವವರಲ್ಲಿ ಬಹುಮಂದಿ ಬಳಸುವ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರದು, 'ನುಡಿ'ಯಲ್ಲಿರುವುದೂ ಅದೇ. ಅವರು ಮುದ್ರಣ ಮತ್ತು ಅಕ್ಷರ ಜೋಡಣೆಯ ತಂತ್ರಜ್ಞಾನದಲ್ಲಿ ಪಳಗಿದವರು, ಭಾಷೆಯ ಗಾಢ ಆಸಕ್ತಿಯವರು. ಟೈಪ್‌ರೈಟರಿನ ಯೋಚನೆ ಅಕ್ಷರದ ತುಂಡುಗಳದ್ದಾಗಿತ್ತು: ತಲೆಕಟ್ಟು ಒಂದು ಕೀಲಿ, ಕೊಂಬು ಒಂದು ಕೀಲಿ, ಒತ್ತು ಇನ್ನೊಂದು. ರಾವ್ ಅವರ ವಿನ್ಯಾಸದಲ್ಲಿ ನಾವು ಒತ್ತುವುದು ಧ್ವನಿಯನ್ನು. ವ್ಯಂಜನ ಒತ್ತಿ, ಸ್ವರ ಒತ್ತಿದರೆ ಕಾಗುಣಿತವನ್ನು ಯಂತ್ರವೇ ಜೋಡಿಸಿಕೊಳ್ಳುತ್ತದೆ. ಎರಡು ವ್ಯಂಜನಗಳ ನಡುವೆ ಕೊಂಡಿಯ ಕೀಲಿ ಒತ್ತಿದರೆ ಒತ್ತಕ್ಷರ ಸಿದ್ಧ. ವ್ಯಾಕರಣದ ವರ್ಣಮಾಲೆಯನ್ನು ಬಲ್ಲವರಿಗೆ ಮಾತ್ರ ಹೊಳೆಯಬಹುದಾದ ಸರಳತೆ ಇದು. ಆ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು', ಭಾಷಾ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. 1996ರಲ್ಲಿ ಕನ್ನಡದ ಮೊದಲ ಜಾಲತಾಣವನ್ನು ರೂಪಿಸಿದ ಯು.ಬಿ. ಪವನಜ ಕೂಡ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿದ್ದ ವಿಜ್ಞಾನಿ.

ಇನ್ನೊಂದು ಉದಾಹರಣೆ ನಮ್ಮ ಹಳ್ಳಿಗಳಿಗೆ ಇನ್ನೂ ಹತ್ತಿರದ್ದು. ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು, ನಮ್ಮ ಕಡೆಯ ಮಾತಿನಲ್ಲಿ ಉತಾರಗಳನ್ನು, ಕಂಪ್ಯೂಟರಿಗೆ ಏರಿಸಿತು. ತಂತ್ರಾಂಶ ಬರೆದದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ. ಮುಂದಾಳತ್ವ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರದು. ಅದರಲ್ಲಿ ಎರಡು ಏರ್ಪಾಡುಗಳಿದ್ದವು. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರತಿಯಲ್ಲೇ ವಿಲೇವಾರಿಯಾಗಬೇಕು, ಹಿಂದಿನದನ್ನು ಎತ್ತಿ ಮುಂದಿಡಲು ಯಂತ್ರ ಬಿಡುವುದಿಲ್ಲ. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೊಗಬೇಕು. ನಾನು ಮಾಡಿದ್ದಲ್ಲ ಎನ್ನುವಂತಿಲ್ಲ. ಈ ಎರಡೂ ಏರ್ಪಾಡುಗಳು ಗಣಕವಿಜ್ಞಾನದ ದೃಷ್ಟಿಯಿಂದ ತೀರ ಸಾಮಾನ್ಯ. ಆದರೆ ತಾಲೂಕು ಕಚೇರಿಯಲ್ಲಿ ಕಡತ ಹೇಗೆ ಓಡುತ್ತದೆ, ಯಾವಾಗ ಕುಂಟುತ್ತದೆ ಎಂಬುದನ್ನು ಬಲ್ಲವರಿಲ್ಲದೆ ಅವು ವಿನ್ಯಾಸದೊಳಕ್ಕೆ ಬರುತ್ತಿರಲಿಲ್ಲ. ಆ ಯೋಜನೆಯಲ್ಲಿ ಹಾಳೆಗಳನ್ನು ಒಪ್ಪಮಾಡಿ ದಾಖಲೆ ತಾಳೆ ನೋಡಿದ ಗ್ರಾಮ ಲೆಕ್ಕಿಗರಲ್ಲಿ ಒಬ್ಬರನ್ನಾದರೂ ತಂತ್ರಜ್ಞಾನ ಸಂಕಿರಣದ ವೇದಿಕೆಯಲ್ಲಿ ನಾನು ಕಂಡಿಲ್ಲ.

ಕಂಪನಿಯ ಹಿರಿಯರನ್ನು ಕರೆಯುವುದರಲ್ಲಿ ತಪ್ಪಿದೆಯೆಂದು ನಾನು ಹೇಳುತ್ತಿಲ್ಲ. ಅವರ ಹಿಂದೆ ನೌಕರಿ ಬರುತ್ತದೆ. ಸಾಲ ಮಾಡಿ ಶುಲ್ಕ ಕಟ್ಟಿದ ತಂದೆಗೆ ಬೇಕಾದದ್ದು ಮಗಳ ನೇಮಕಾತಿ ಪತ್ರವೇ ಹೊರತು ಡೈಕ್‌ಸ್ಟ್ರಾನ ಮದುವೆಯ ಕಥೆಯಲ್ಲ ಎಂಬುದೂ ಗೊತ್ತು. ಕಾಲೇಜಿನ ನೇಮಕಾತಿ ಅಧಿಕಾರಿಯ ಕಷ್ಟ ಆತನಿಗೇ ಗೊತ್ತು. ಆದರೆ ಆ ನೌಕರಿಯ ಸ್ವರೂಪವೇ ಈಗ ಬದಲಾಗುತ್ತಿದೆ. ಕೇಳಿದರೆ ಸಾಕು, ಪ್ರೋಗ್ರಾಮಿನ ಸಾಲುಗಳನ್ನು ಬರೆದುಕೊಡುವ ಯಂತ್ರಗಳು ಬಂದಿವೆ. ಏನನ್ನು ಬರೆಸಬೇಕು, ಬರೆದದ್ದು ಸರಿಯಿದೆಯೇ, ತಪ್ಪಾದರೆ ಯಾರಿಗೆ ಪೆಟ್ಟು ಎಂಬುದನ್ನು ತೂಗುವವರಿಗೆ ಬೆಲೆ ಬರುವ ಕಾಲವಿದು. ಆ ತೂಕ ಕಲಿಯಬೇಕಾದರೆ ಬಳಸುವವರ ಲೋಕ ಗೊತ್ತಿರಬೇಕು.

ಬೈರಿದೇವರಕೊಪ್ಪದ ಪಕ್ಕದಲ್ಲೇ ಅಮರಗೋಳದ ಎಪಿಎಂಸಿ ಇದೆ. ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿ ಮಾರಲು ರೈತರು ಬರುವ ಜಾಗ. ರಾಜ್ಯದ ಮಾರುಕಟ್ಟೆಗಳಲ್ಲಿ ಆನ್‌ಲೈನ್ ಟೆಂಡರಿಗೆಂದು 2014ರಲ್ಲಿ ಪ್ರತ್ಯೇಕ ಸಂಸ್ಥೆಯೇ ಸ್ಥಾಪನೆಯಾಯಿತು. ಲಾಟಿನ ಸಂಖ್ಯೆ, ದರ, ತೂಕ, ಎಲ್ಲವೂ ತಂತ್ರಾಂಶದ ಮೂಲಕ. ಅದರಲ್ಲಿ ದರ ನಮೂದಿಸುವ ದಲಾಲಿ ಅಂಗಡಿಯ ಗುಮಾಸ್ತ, ಪರದೆ ನಿಂತಾಗ ಚೀಲದ ಮೇಲೆ ಕೂತು ಕಾಯುವ ರೈತ, ಸಂಜೆಯೊಳಗೆ ತೂಕ ಮುಗಿಸಬೇಕಾದ ಹಮಾಲ, ಇವರು ಹೇಳಬಹುದಾದದ್ದು ಬೇರೆ ಯಾವ ಪರಿಣತರಿಂದಲೂ ಬಾರದು. 2018ರಲ್ಲಿ ಓಡತೊಡಗಿದ ಚಿಗರಿ ಬಸ್ಸುಗಳ ನಿಲ್ದಾಣದಲ್ಲಿ ಚೀಟಿ ಕೊಡುವವರೂ ಹಾಗೆಯೇ. ಗೇಟು ತೆರೆಯದಿದ್ದಾಗ ಸಿಟ್ಟಿಗೆದ್ದ ಪ್ರಯಾಣಿಕ ಮೊದಲು ತಿರುಗಿಬೀಳುವುದು ಅವರ ಮೇಲೆ.

ಸಂಘಟಕರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ನಾಲ್ಕು ಗೋಷ್ಠಿಗಳಿದ್ದರೆ ಒಂದನ್ನು ಇಂಥವರಿಗೆ ಕೊಡಿ, ಅವರು ಕನ್ನಡದಲ್ಲೇ ಮಾತಾಡಲಿ, ಅವರ ಪಕ್ಕದಲ್ಲಿ ಆ ತಂತ್ರಾಂಶ ಬರೆದ ಎಂಜಿನಿಯರನ್ನೂ ಕೂಡಿಸಿ. ಉಳಿದ ಮೂರರ ಅತಿಥಿಗಳಿಗೆ ಪರಿಚಯ ಕಳಿಸಿರೆಂದು ಬರೆಯುವಾಗ ಎರಡು ಸಾಲು ಹೆಚ್ಚು ಕೇಳಿ: ತಾವು ಮೊದಲು ಏನು ಓದಿದಿರಿ, ತಾವು ಕಟ್ಟಿದ್ದರಲ್ಲಿ ಯಾವುದು ಕೆಟ್ಟಿತು? ಎರಡನೆಯದಕ್ಕೆ ಉತ್ತರ ಬರೆದು ಕಳಿಸಿದವರನ್ನು ಮೊದಲ ಗೋಷ್ಠಿಗೇ ಹಾಕಿ. ಊಟದ ನಂತರದ ಗೋಷ್ಠಿಯಲ್ಲಿ ಯಾರೂ ಎಚ್ಚರವಿರುವುದಿಲ್ಲ.