ಹತ್ತು ಸೆಕೆಂಡಿನ ಚೀಟಿಯ ಮೇಲೆ ಇಷ್ಟೊಂದು ನಂಬಿಕೆಯೇ?

ಈ ಬಾರಿಯ ರಾಜ್ಯೋತ್ಸವದಂದು ನಮ್ಮ ಸಂಘದ ಸಭಾಗೃಹದಲ್ಲಿ ಒಂದು ಖಾಸಗಿ ಆಸ್ಪತ್ರೆಯ ಸಹಕಾರದಿಂದ ‘ಉಚಿತ ಹೃದಯ ಹಾಗೂ ಮಿದುಳು ತಪಾಸಣಾ ಶಿಬಿರ’ ನಡೆಸಬೇಕೆಂದು ಕಾರ್ಯಕಾರಿ ಸಮಿತಿ ಆಲೋಚಿಸುತ್ತಿದೆ. ಸದಸ್ಯರೆಲ್ಲರಿಗೂ ಪುಕ್ಕಟೆ ಇ.ಸಿ.ಜಿ., ಬೇಕೆಂದವರಿಗೆ ರಿಯಾಯಿತಿ ದರದಲ್ಲಿ ಇ.ಇ.ಜಿ., ಕೊನೆಗೆ ಉಪ್ಪಿಟ್ಟು–ಕಾಫಿ. ಉಪ್ಪಿಟ್ಟು–ಕಾಫಿಗೆ ನನ್ನ ಅಭ್ಯಂತರವಿಲ್ಲ. ಉಳಿದದ್ದನ್ನು ನಾನು ವಿರೋಧಿಸುತ್ತೇನೆ.

ಈ ಮಾತನ್ನು ಬಾಯಿಬಿಟ್ಟು ಆಡಿದಾಗ ಸಮಿತಿಯ ಹಿರಿಯರೊಬ್ಬರು, “ಏನ್ರೀ, ಬಿ.ಎಸ್‌ಸಿ. ಓದಿದವರು ನೀವೇ ವಿಜ್ಞಾನಕ್ಕೆ ಅಡ್ಡಗಾಲು ಹಾಕಿದರೆ ಹೇಗೆ?” ಎಂದರು. ಇಪ್ಪತ್ತು ವರ್ಷ ಕೇಂದ್ರ ಸರಕಾರದ ಕಡತ ತಿರುವಿ ನಾನು ಓದಿದ್ದರಲ್ಲಿ ಬಹುಪಾಲು ಮರೆತುಹೋಗಿದೆ, ನಿಜ. ಆದರೆ ಅಳತೆ ಬೇರೆ, ಆ ಅಳತೆಯ ಅರ್ಥ ಬೇರೆ ಎಂಬ ಒಂದು ಪಾಠ ಮಾತ್ರ ಮರೆತಿಲ್ಲ. ನನ್ನ ತಕರಾರು ವಿಜ್ಞಾನದ ಮೇಲಲ್ಲ. ವಿಜ್ಞಾನದ ಹೆಸರಿನಲ್ಲಿ ನಾವು ಕೈಯಲ್ಲಿ ಹಿಡಿದುಕೊಂಡು ಬರುವ ಕಾಗದದ ಮೇಲೆ.

ಆ ಕಾಗದದಲ್ಲಿ ಇರುವುದೇನು? ಹೃದಯ ಪ್ರತಿಸಲ ಮಿಡಿಯುವಾಗಲೂ ಅದರ ಸ್ನಾಯುವಿನಲ್ಲಿ ಒಂದು ವಿದ್ಯುತ್ತಿನ ಅಲೆ ಹಾದುಹೋಗುತ್ತದೆ. ಚರ್ಮದ ಮೇಲೆ ಅದನ್ನು ಅಳೆದರೆ ಹೆಚ್ಚೆಂದರೆ ಒಂದು ವೋಲ್ಟಿನ ಸಾವಿರದ ಕೆಲವೇ ಭಾಗ. ಮಿದುಳಿನ ಸಂಜ್ಞೆ ಅದಕ್ಕಿಂತಲೂ ಹತ್ತರಿಂದ ನೂರು ಪಟ್ಟು ಕ್ಷೀಣ. ಇಂಥ ಪಿಸುಮಾತನ್ನು ಹಿಡಿದು ಕಾಗದಕ್ಕಿಳಿಸಿದ್ದು ಮನುಷ್ಯನ ದೊಡ್ಡ ಸಾಹಸವೇ ಸರಿ. ಹಾಲೆಂಡಿನ ಐಂಥೋವನ್ ಕಳೆದ ಶತಮಾನದ ಆರಂಭದಲ್ಲಿ ಕಟ್ಟಿದ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು. ಅದನ್ನು ನಡೆಸಲು ಐದು ಜನ ಬೇಕಿತ್ತು. ರೋಗಿ ಉಪ್ಪುನೀರಿನ ಪಾತ್ರೆಗಳಲ್ಲಿ ಕೈಕಾಲು ಅದ್ದಿ ಕೂರಬೇಕಿತ್ತು. ಯಂತ್ರವನ್ನು ಆಸ್ಪತ್ರೆಗೆ ಸಾಗಿಸಲಾಗದೆ, 1905ರಲ್ಲಿ ಆತ ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿದ್ದ ರೋಗಿಗಳ ಹೃದಯದ ಸಂಜ್ಞೆಯನ್ನು ಟೆಲಿಫೋನ್ ತಂತಿಯ ಮೂಲಕ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡ. 1924ರಲ್ಲಿ ಆತನಿಗೆ ನೊಬೆಲ್ ಬಂತು. ಇಂದು ಅದೇ ಕೆಲಸ ಒಂದು ಕೈಚೀಲದಷ್ಟು ಪೆಟ್ಟಿಗೆಯಿಂದ ಆಗುತ್ತದೆ.

ಆದರೆ ಆ ಪೆಟ್ಟಿಗೆ ಮಾಮೂಲಾಗಿ ದಾಖಲಿಸುವುದು ಹತ್ತು ಸೆಕೆಂಡು. ದಿನಕ್ಕೆ 86,400 ಸೆಕೆಂಡು. ಉಳಿದ 86,390 ಸೆಕೆಂಡುಗಳಲ್ಲಿ ಹೃದಯ ಏನು ಮಾಡಿತು, ಮೆಟ್ಟಿಲು ಹತ್ತಿ ಓಡುತ್ತ 8:12ರ ಲೋಕಲ್ ಹಿಡಿಯುವಾಗ ಏನು ಮಾಡುತ್ತದೆ ಎಂಬುದನ್ನು ಮಂಚದ ಮೇಲೆ ಅಂಗಾತ ಮಲಗಿಸಿ ತೆಗೆದ ಚೀಟಿ ಹೇಳಲಾರದು. ರಕ್ತನಾಳದಲ್ಲಿ ಅಡಚಣೆ ಇರುವವರಿಗೂ ವಿಶ್ರಾಂತಿಯಲ್ಲಿ ತೆಗೆದ ಇ.ಸಿ.ಜಿ. ಸರಿಯಾಗಿಯೇ ಬರಬಹುದು. ಅಷ್ಟೇಕೆ, ಹೃದಯಾಘಾತ ಆಗುತ್ತಿರುವಾಗಲೇ ತೆಗೆದ ಮೊದಲ ಇ.ಸಿ.ಜಿ.ಯಲ್ಲಿ ಏನೂ ಕಾಣದೆ, ಅರ್ಧ ಗಂಟೆ ಬಿಟ್ಟು ತೆಗೆದದ್ದರಲ್ಲಿ ಕಾಣಿಸಿಕೊಳ್ಳುವುದುಂಟು. ಆದ್ದರಿಂದಲೇ ಎದೆನೋವಿನ ರೋಗಿಗೆ ಮತ್ತೆ ಮತ್ತೆ ತೆಗೆಯಬೇಕೆಂದು ವೈದ್ಯಶಾಸ್ತ್ರ ಹೇಳುವುದು.

ಹೀಗಿರುವಾಗ, ಯಾವ ತೊಂದರೆಯೂ ಇಲ್ಲದ ಮುನ್ನೂರು ಜನರನ್ನು ಸಾಲಾಗಿ ಮಲಗಿಸಿ ಚೀಟಿ ಕೊಟ್ಟರೆ ಆಗುವುದೇನು? ‘ನಾರ್ಮಲ್’ ಎಂದು ಬರೆಸಿಕೊಂಡವರು ಅದನ್ನು ಲ್ಯಾಮಿನೇಟ್ ಮಾಡಿಸಿ, ಬೀಡಿ ಸಿಗರೇಟು ಮುಂದುವರಿಸುತ್ತಾರೆ. ಏನೋ ಸಣ್ಣ ವ್ಯತ್ಯಾಸ ಕಂಡವರು ಗಾಬರಿಯಿಂದ ಅದೇ ಆಸ್ಪತ್ರೆಯ ಮೆಟ್ಟಿಲು ಹತ್ತಿ, ಒಂದರ ಹಿಂದೊಂದು ಪರೀಕ್ಷೆಗೆ ಹಣ ಸುರಿಯುತ್ತಾರೆ. (ಆಸ್ಪತ್ರೆಯವರು ಉಚಿತವಾಗಿ ಬರಲು ಒಪ್ಪಿದ್ದರ ಹಿಂದೆ ಬರೀ ಕನ್ನಡಾಭಿಮಾನವಿದೆ ಎಂದು ನಂಬುವಷ್ಟು ಮುಗ್ಧನಲ್ಲ ನಾನು.) ರೋಗಲಕ್ಷಣವೂ ಇಲ್ಲದ, ಅಪಾಯದ ಕಾರಣಗಳೂ ಕಡಿಮೆಯಿರುವ ವಯಸ್ಕರಿಗೆ ಇ.ಸಿ.ಜಿ. ತಪಾಸಣೆ ಬೇಡವೆಂದು ಅಮೆರಿಕದ ರೋಗತಡೆ ಕಾರ್ಯಪಡೆ 2018ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಅದರ ಬದಲು ರಕ್ತದೊತ್ತಡ ಮತ್ತು ಸಕ್ಕರೆ ನೋಡಿಸಿ, ನನ್ನದು ಎರಡೂ ಕೈ ಮೇಲೆ. ಆದರೆ ಬಿ.ಪಿ. ಪಟ್ಟಿಯ ಫೋಟೋ ವಾರ್ಷಿಕ ವರದಿಯಲ್ಲಿ ಅಷ್ಟು ಚೆನ್ನಾಗಿ ಕಾಣಿಸುವುದಿಲ್ಲ.

2021ರ ಅಕ್ಟೋಬರಿನಲ್ಲಿ ಪುನೀತ್ ರಾಜಕುಮಾರ್ ತೀರಿಕೊಂಡಾಗ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಜನ ಸಾಲುಗಟ್ಟಿದರು. 2025ರಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಬಂದಾಗ ಮತ್ತದೇ ನೂಕುನುಗ್ಗಲು. ಆ ಭಯವನ್ನು ನಾನು ಹಳಿಯುವುದಿಲ್ಲ. ಆದರೆ ಎದೆ ನೋವಿಲ್ಲದ ಸಾವಿರ ಜನ ಸಾಲಿನಲ್ಲಿ ನಿಂತರೆ, ನಿಜವಾಗಿ ಎದೆ ಹಿಡಿದುಕೊಂಡು ಬಂದವನಿಗೆ ಸ್ಥಳವೆಲ್ಲಿ?

ಸಂಜ್ಞೆಯ ಸದುಪಯೋಗವೆಂದರೆ ಏನೆಂಬುದಕ್ಕೂ ನಮ್ಮ ನಾಡಿನಲ್ಲೇ ಉದಾಹರಣೆಯಿದೆ. ಪುನೀತ್ ಅವರ ಹೆಸರಿನಲ್ಲೇ ಕರ್ನಾಟಕ ಸರಕಾರ ಆರಂಭಿಸಿದ ಹೃದಯಜ್ಯೋತಿ ಯೋಜನೆಯಲ್ಲಿ, ಎದೆನೋವೆಂದು ತಾಲೂಕು ಆಸ್ಪತ್ರೆಗೆ ಬಂದವನ ಇ.ಸಿ.ಜಿ.ಯನ್ನು ದೂರದ ತಜ್ಞರು ಕೂಡಲೇ ಓದಿ, ಹೃದಯಾಘಾತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಲಾಗುತ್ತದೆ. ಐಂಥೋವನ್ನನ ಟೆಲಿಫೋನ್ ತಂತಿ ನೂರು ವರ್ಷ ದಾಟಿ ನಮ್ಮ ತಾಲೂಕಿಗೆ ಬಂದಿದೆ. ಇಲ್ಲಿ ಯಂತ್ರಕ್ಕೆ ಬೆಲೆ ಬಂದದ್ದು ಅದನ್ನು ಬೇಕಾದ ಹೊತ್ತಿಗೆ, ಬೇಕಾದ ಮನುಷ್ಯನಿಗೆ, ಓದಬಲ್ಲವರ ಕಣ್ಣ ಮುಂದೆ ಇಟ್ಟದ್ದರಿಂದ.

ಹೊತ್ತು ಎಂದೆ. ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಝೇವಿಯರ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳನ್ನು ಅಭ್ಯಸಿಸಿ 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವಿದೆ. ಅದರ ಪ್ರಕಾರ, ಲಕ್ಷಣ ಕಾಣಿಸಿಕೊಂಡು ಆಸ್ಪತ್ರೆ ಸೇರಲು ಹಿಡಿದ ಮಧ್ಯಮ ಕಾಲ 360 ನಿಮಿಷ. ಎಂದರೆ ಅರ್ಧದಷ್ಟು ರೋಗಿಗಳು ಆರು ಗಂಟೆಗೂ ತಡವಾಗಿ ಬಂದವರು. ಆಸ್ಪತ್ರೆ ಸೇರಿದ ಮೇಲೆ ಹೆಪ್ಪು ಕರಗಿಸುವ ಮದ್ದು ಕೊಡಲು ಹಿಡಿದದ್ದು 50 ನಿಮಿಷ. ಲೆಕ್ಕ ಗುಮಾಸ್ತನಾದ ನನಗೆ ಈ ಎರಡು ಅಂಕಿಗಳೇ ಸಾಕು. ಯಂತ್ರ ಇರುವ ಕಡೆ ಐವತ್ತು ನಿಮಿಷ, ಮನೆ–ಬೀದಿ–ರಿಕ್ಷಾಗಳಲ್ಲಿ ಆರು ಗಂಟೆ. ಶಿಬಿರ ಆ ಆರು ಗಂಟೆಯಲ್ಲಿ ಒಂದು ನಿಮಿಷವನ್ನಾದರೂ ಕಡಿಮೆ ಮಾಡುತ್ತದೆಯೇ?

ಇನ್ನು ಈ ಮುಂಬಯಿಯಲ್ಲಿ ನಮ್ಮವರಿಗೆ ಇನ್ನೊಂದು ವಿಳಂಬವಿದೆ. ಅದು ಭಾಷೆಯದು. ನಮ್ಮ ಕಟ್ಟಡದ ಪಕ್ಕದಲ್ಲೇ, ಗದಗಿನ ಕಡೆಯಿಂದ ಮಗನ ಮನೆಗೆ ಬಂದಿದ್ದ ಒಬ್ಬ ಅಜ್ಜಿಗೆ ಬೆಳಗಿನ ಹೊತ್ತು ಸಂಕಟ ಶುರುವಾಯಿತು. ಮಗ ಡ್ಯೂಟಿಯಲ್ಲಿ. ಸೊಸೆ ಇಲ್ಲೇ ಹುಟ್ಟಿ ಬೆಳೆದವಳು. ಅಜ್ಜಿ ಹೇಳಿದ್ದು: “ಎದಿಯಾಗ ಯಾರೋ ಹಿಂಡಿದಂಗ ಆಗಾಕತ್ತೇತಿ ಯವ್ವಾ, ಎಡಗೈ ಜೋಮು ಹಿಡದೇತಿ, ಹೊಟ್ಟಿ ತೊಳಸತೇತಿ.” ನರ್ಸಿಂಗ್ ಹೋಮಿನ ಕಿರಿಯ ವೈದ್ಯರ ಕಿವಿಗೆ ಅದು ಹಿಂದಿಯಾಗಿ ತಲಪುವಷ್ಟರಲ್ಲಿ ಉಳಿದದ್ದು ಕೊನೆಯ ಮೂರನೆಯ ಒಂದು ಭಾಗ, ಹೊಟ್ಟೆ ಮಾತ್ರ. ಇ.ಸಿ.ಜಿ. ತೆಗೆದರು, ‘ನಾರ್ಮಲ್’. ಆಮ್ಲಶಮನದ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ರಾತ್ರಿ ಬೇರೆ ಆಸ್ಪತ್ರೆಗೆ ಹೊತ್ತೊಯ್ಯುವಾಗ ಹೃದಯದ ಸ್ನಾಯುವಿನ ಒಂದು ಭಾಗ ಸತ್ತಿತ್ತು. ಅಜ್ಜಿ ಬದುಕಿದ್ದಾರೆ, ಹತ್ತು ಹೆಜ್ಜೆ ನಡೆದರೆ ಕೂತುಕೊಳ್ಳುತ್ತಾರೆ.

ಸೊಸೆಯನ್ನು ದೂರಬೇಡಿ. ‘ಜೋಮು’ ಎಂಬುದಕ್ಕೆ ಹಿಂದಿಯಲ್ಲಿ ಏನೆನ್ನುತ್ತಾರೆ ಎಂದು ನಿಮ್ಮಲ್ಲಿ ಎಷ್ಟು ಜನ ಥಟ್ಟನೆ ಹೇಳಬಲ್ಲಿರಿ? ಯಂತ್ರ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು, ಆ ಹತ್ತು ಸೆಕೆಂಡಿನಲ್ಲಿ ಕಂಡದ್ದನ್ನು ಬರೆದಿತ್ತು. ಇನ್ನೊಮ್ಮೆ ತೆಗೆಯಬೇಕು, ರೋಗಿಯನ್ನು ಬಿಡಬಾರದು ಎಂದು ಹೇಳಬೇಕಾದದ್ದು ಅಜ್ಜಿಯ ಮಾತು. ಆ ಮಾತು ದಾರಿಯಲ್ಲಿ ಕಳೆದುಹೋಯಿತು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಎದೆನೋವಿಲ್ಲದೆ ಬರೀ ಏದುಸಿರು, ವಾಕರಿಕೆ, ಸುಸ್ತಾಗಿ ಬರುವುದೂ ಉಂಟು. ಅಂಥವರ ವಿಷಯದಲ್ಲಿ ಮಾತಿನ ತೂಕ ಇನ್ನೂ ಹೆಚ್ಚು.

ಮಿದುಳಿನ ಸಂಗತಿಯಲ್ಲಂತೂ ಇದು ಇಮ್ಮಡಿ ಸತ್ಯ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ತರಂಗಗಳನ್ನು ಮೊದಲು ದಾಖಲಿಸಿ 1929ರಲ್ಲಿ ಪ್ರಕಟಿಸಿದ. (ಆತನನ್ನು ಈ ದಾರಿಗೆಳೆದದ್ದು ಟೆಲಿಪಥಿಯ ಹುಚ್ಚು ಎಂಬುದು ಬೇರೆ ಮಾತು.) ಮೂರ್ಛೆರೋಗಕ್ಕೆ ಆ ಶೋಧದಿಂದ ಆದಷ್ಟು ಉಪಕಾರ ಬೇರೆ ಯಾವುದಕ್ಕೂ ಆಗಿಲ್ಲ. ಆದರೂ ಮೂರ್ಛೆರೋಗ ಇರುವವರಲ್ಲೇ ಸುಮಾರು ಅರ್ಧದಷ್ಟು ಮಂದಿಗೆ ಮೊದಲ ಇ.ಇ.ಜಿ.ಯಲ್ಲಿ ಏನೂ ಕಾಣುವುದಿಲ್ಲ. ಎಂದೂ ಫಿಟ್ಸ್ ಬಾರದ ಕೆಲವರಲ್ಲಿ ರೋಗದಂಥ ಗೆರೆಗಳೇ ಕಾಣಿಸಿಕೊಳ್ಳುತ್ತವೆ. ಅಂಥವರ ಕೈಗೆ ರಿಯಾಯಿತಿ ದರದಲ್ಲಿ ಅಪಸ್ಮಾರದ ಚೀಟಿ ಕೊಟ್ಟು ಕಳಿಸುವ ಹಕ್ಕು ನಮಗೆ ಯಾರು ಕೊಟ್ಟರು?

ನಮ್ಮ ಹಳೆ ಮೈಸೂರು ಸೀಮೆಯದೇ ಒಂದು ನಿದರ್ಶನ ನೋಡಿ. ತಲೆಯ ಮೇಲೆ ಚೊಂಬಿನಿಂದ ಬಿಸಿನೀರು ಸುರಿದುಕೊಳ್ಳುವಾಗ ಬರುವ ಮೂರ್ಛೆ, ‘ಬಿಸಿನೀರಿನ ಅಪಸ್ಮಾರ’, ಲೋಕದ ಬೇರೆ ಕಡೆ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ಬೆಂಗಳೂರಿನ ಡಾ. ಕೆ.ಎಸ್. ಮಣಿ, ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮೊದಲಾದವರು ಇದನ್ನು ಅಭ್ಯಸಿಸಿ ಜಗತ್ತಿಗೆ ತಿಳಿಸಿದರು. ಈ ರೋಗಿಗಳಲ್ಲಿ ಬಹುಪಾಲು ಜನರ ಇ.ಇ.ಜಿ. ಬೇರೆ ಹೊತ್ತಿನಲ್ಲಿ ಸರಿಯಾಗಿಯೇ ಇರುತ್ತದೆ. ಹಾಗಾದರೆ ರೋಗ ಗೊತ್ತಾಗುವುದು ಹೇಗೆ? “ಡಾಕ್ಟ್ರೇ, ಹಂಡೆ ನೀರು ತಲೆಗೆ ಹುಯ್ದಾಗ್ಲೇ ಹುಡುಗ ಕಣ್ಣು ಮೇಲಕ್ಕೆ ಸಿಕ್ಕಿಸ್ತಾನೆ” ಎಂದು ತಾಯಿ ಹೇಳಿದಾಗ, ಆ ಮಾತು ವೈದ್ಯರಿಗೆ ಅರ್ಥವಾದಾಗ. ಗೊತ್ತಾದರೆ ಅನೇಕರಿಗೆ ಪರಿಹಾರವೂ ಸುಲಭ: ನೀರಿನ ಬಿಸಿ ತಗ್ಗಿಸುವುದು, ಬೇಕಾದರೆ ಸ್ನಾನಕ್ಕೆ ಮುಂಚೆ ವೈದ್ಯರು ಹೇಳಿದ ಮಾತ್ರೆ. ಅದೇ ಕುಟುಂಬ ಮುಂಬಯಿಗೆ ಬಂದು, ಹಂಡೆಯೂ ಗೊತ್ತಿಲ್ಲದ, ಕನ್ನಡವೂ ಗೊತ್ತಿಲ್ಲದ ವೈದ್ಯರ ಮುಂದೆ ‘ನಾರ್ಮಲ್’ ಚೀಟಿ ಹಿಡಿದು ನಿಂತರೆ?

ನಿಮ್ಹಾನ್ಸ್ ಬೆಂಗಳೂರು ಸುತ್ತ ನಡೆಸಿದ ದೊಡ್ಡ ಸಮೀಕ್ಷೆಯಲ್ಲಿ ಸಾವಿರಕ್ಕೆ ಸುಮಾರು ಒಂಬತ್ತು ಜನರಲ್ಲಿ ಮೂರ್ಛೆರೋಗ ಕಂಡುಬಂದಿತ್ತು. ಹಳ್ಳಿಗಳಲ್ಲಿ ನಗರದ ಎರಡರಷ್ಟು. ಸರಿಯಾದ ಔಷಧಿ ಸಿಕ್ಕರೆ ನೂರಕ್ಕೆ ಎಪ್ಪತ್ತರವರೆಗೆ ಮಂದಿ ಫಿಟ್ಸ್ ಇಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾವೋ, ಹೆಣ್ಣು ಮಗುವಾದರೆ ಮುಚ್ಚಿಡುತ್ತೇವೆ. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯಿದೆಗೆ ಅಪಸ್ಮಾರವೆಂಬ ಅಡ್ಡಿ ಸೇರಿತ್ತು. 1999ರಲ್ಲಿ ಸಂಸತ್ತು ಅದನ್ನು ಕಿತ್ತುಹಾಕಿತು. ಕಾಯಿದೆಯಿಂದ ಹೋದದ್ದು ನಮ್ಮ ವಧೂವರರ ಮಾಹಿತಿ ಕೇಂದ್ರದ ಮಾತುಕತೆಯಿಂದ ಹೋಗಿದೆಯೇ ಎಂದು ಕೇಳಿದರೆ ಹಲವರಿಗೆ ಕೋಪ ಬಂದೀತು. ಬರಲಿ.

ಕಾಗದದ ಮೇಲಿನ ಕುರುಡು ನಂಬಿಕೆ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ನಮ್ಮ ನೆರೆಯ ಪುಣೆಯೇ ಸಾಕ್ಷಿ. ಅಲ್ಲಿನ ನ್ಯಾಯಾಲಯವೊಂದು 2008ರಲ್ಲಿ ಕೊಲೆ ಮೊಕದ್ದಮೆಯೊಂದರ ತೀರ್ಪಿನಲ್ಲಿ, ಆರೋಪಿಯ ಮಿದುಳಿನ ತರಂಗಗಳ ಪರೀಕ್ಷೆಯನ್ನೂ ಆಧಾರವಾಗಿ ಹಿಡಿಯಿತು. ಎರಡು ವರ್ಷದ ಮೇಲೆ, 2010ರ ಮೇ ತಿಂಗಳಲ್ಲಿ, ಕರ್ನಾಟಕದಿಂದಲೇ ಹೋದ ಸೆಲ್ವಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಒಪ್ಪಿಗೆಯಿಲ್ಲದೆ ಯಾರನ್ನೂ ಇಂಥ ಪರೀಕ್ಷೆಗೆ ಗುರಿಪಡಿಸಕೂಡದೆಂದು ತೀರ್ಪಿತ್ತಿತು. ಫಿಟ್ಸ್ ಬರುವ ಮಗುವಿಗೆ ಸಮಯಕ್ಕೆ ಸಿಗದ ಯಂತ್ರ ಕಟಕಟೆಗೆ ಮಾತ್ರ ಎಷ್ಟು ಬೇಗ ಹೋಯಿತು!

ಕೈಗಡಿಯಾರದವರಿಗೂ ಒಂದು ಮಾತು. ಅದು ಹೃದಯದ ಲಯ ತಪ್ಪಿದ್ದನ್ನು ಹಿಡಿಯಬಲ್ಲದು, ಅದರಿಂದ ಪಾರ್ಶ್ವವಾಯು ತಪ್ಪಿಸಲು ನೆರವಾದೀತು, ಒಳ್ಳೆಯದೇ. ಹೃದಯಾಘಾತವನ್ನು ಅದು ಕಂಡುಹಿಡಿಯುವುದಿಲ್ಲವೆಂದು ತಯಾರಿಸಿದವರೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಓದಿಕೊಳ್ಳಿ.

ಹಾಗಾದರೆ ಸಂಘ ಮಾಡಬೇಕಾದದ್ದೇನು ಎಂದು ಕೇಳುವಿರಿ. ಶಿಬಿರಕ್ಕೆ ಶಾಮಿಯಾನ, ಬ್ಯಾನರು, ಶಾಲು, ಹಾರಗಳಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಪ್ರತಿ ಸದಸ್ಯನ ಮನೆಗೆ ಕಳಿಸೋಣ. ಒಂದು ಬದಿಯಲ್ಲಿ ಎದೆ ಹಿಂಡುವುದು, ಜೋಮು, ಏದುಸಿರು, ಬೆವರು, ತೊಳಸು, ಕಣ್ಣು ಕತ್ತಲೆ ಬರುವುದು—ಇವಕ್ಕೆ ಧಾರವಾಡ, ಮಂಗಳೂರು, ಮೈಸೂರು ಕಡೆಯವರು ಹೇಗೆ ಹೇಳುತ್ತಾರೋ ಹಾಗೆ ಬರೆದು, ಎದುರಿಗೆ ಮರಾಠಿ, ಹಿಂದಿ, ಇಂಗ್ಲಿಷ್. ತುಳು ಮನೆಮಾತಿನವರನ್ನು ಮರೆಯುವಂತಿಲ್ಲ. ಇನ್ನೊಂದು ಬದಿಯಲ್ಲಿ ನಿಮ್ಮ ಬಡಾವಣೆಗೆ ಹತ್ತಿರ, ಇಪ್ಪತ್ನಾಲ್ಕು ಗಂಟೆಯೂ ಹೃದಯಾಘಾತಕ್ಕೆ ಚಿಕಿತ್ಸೆ ಕೊಡಬಲ್ಲ ಆಸ್ಪತ್ರೆ ಯಾವುದು, 108 ಅಂಬುಲೆನ್ಸು. ಹಳೆಯ ಇ.ಸಿ.ಜಿ.ಗಳನ್ನು ಎಸೆಯಬೇಡಿ, ಹೊಸದರ ಪಕ್ಕದಲ್ಲಿಟ್ಟು ನೋಡಲು ವೈದ್ಯರಿಗೆ ಬೇಕಾಗುತ್ತದೆ. ಫಿಟ್ಸ್ ಬಂದಾಗ ಬಾಯಿಗೆ ಚಮಚ ತುರುಕದೆ, ಕೈಗೆ ಬೀಗದಕೈ ಕೊಡದೆ, ಪಕ್ಕಕ್ಕೆ ಮಲಗಿಸಿ ಹೊತ್ತು ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ ಆಸ್ಪತ್ರೆ. ಮನೆಯಲ್ಲಿ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ಚಿತ್ರೀಕರಿಸಲಿ. ಆ ಎರಡು ನಿಮಿಷದ ಚಿತ್ರದಿಂದ ನರರೋಗ ತಜ್ಞರಿಗೆ ಸಿಗುವ ವಿಷಯ ಎಷ್ಟೋ ಸಲ ಇ.ಇ.ಜಿ.ಯಿಂದಲೂ ಸಿಗುವುದಿಲ್ಲ.

ಅದಕ್ಕಿಂತ ಮುಖ್ಯವಾಗಿ, ಆಸ್ಪತ್ರೆಗೆ ಹೋದ ನಮ್ಮ ಹಿರಿಯರ ಮಾತನ್ನು ವೈದ್ಯರಿಗೆ ತಲಪಿಸಲು ದೂರವಾಣಿಯಲ್ಲಿ ಸಿಗುವ ಇಪ್ಪತ್ತು ಜನರ ಪಟ್ಟಿ ಬೇಕು. ಅಡ್ಡಮಾತು, ಸಲಹೆ ಇಲ್ಲದೆ, ಅಜ್ಜಿ ಹೇಳಿದ್ದನ್ನು ಹೇಳಿದಂತೆ ಭಾಷಾಂತರಿಸಬಲ್ಲವರು. ನಿವೃತ್ತ ನರ್ಸುಗಳು, ಶಿಕ್ಷಕರು, ಬ್ಯಾಂಕಿನವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ರಾತ್ರಿ ಪಾಳಿಗೆ ಯಾರೂ ಒಪ್ಪುವುದಿಲ್ಲವೆಂದು ಕಾರ್ಯದರ್ಶಿಗಳು ಈಗಾಗಲೇ ಹೇಳಿದ್ದಾರೆ. ಮಂಗಳವಾರ ಮತ್ತು ಶುಕ್ರವಾರ ರಾತ್ರಿಗೆ ನನ್ನ ಹೆಸರು ಬರೆದುಕೊಳ್ಳಲಿ. ಉಳಿದ ಐದು ರಾತ್ರಿಗಳಿಗೆ ಹೆಸರು ಕೊಡುವವರು ಮುಂದಿನ ಸಂಚಿಕೆಯೊಳಗೆ ಕಚೇರಿಗೆ ತಿಳಿಸಬೇಕು.