ಆಸ್ಪತ್ರೆಯ ವಿರುದ್ಧ ದೂರು: ಕೂಗಾಟಕ್ಕಿಂತ ದಾಖಲೆ ಮುಖ್ಯ

ಚಿಕಿತ್ಸೆಗೆಂದು ಹೋದವರು ಹೆಣವಾಗಿ ಮನೆಗೆ ಬಂದರೆ ಬಂಧುಗಳ ಸಂಕಟ ಸಿಟ್ಟಾಗಿ ಹೊರಬರುವುದು ಸಹಜ. ಆಸ್ಪತ್ರೆಯೆದುರು ಜನ ಸೇರುತ್ತಾರೆ, ಗಾಜು ಒಡೆಯುತ್ತದೆ, ಮೊಬೈಲಿನಲ್ಲಿ ತೆಗೆದ ದೃಶ್ಯ ಊರೆಲ್ಲ ಸುತ್ತುತ್ತದೆ. ಕೆಲವು ತಿಂಗಳ ಬಳಿಕ ನ್ಯಾಯ ಕೇಳಲು ಹೊರಟಾಗ ಮಾತ್ರ ಕುಟುಂಬದ ಕೈಯಲ್ಲಿ ಕೇಸ್ ಶೀಟಿನ ಒಂದು ಪ್ರತಿಯೂ ಇರುವುದಿಲ್ಲ. ಆಸ್ಪತ್ರೆ ಮತ್ತು ಸಿಬ್ಬಂದಿಯ ಮೇಲಿನ ಹಲ್ಲೆಗೆ ರಾಜ್ಯದಲ್ಲಿ 2009ರಿಂದಲೇ ಪ್ರತ್ಯೇಕ ಕಾಯಿದೆ ಇರುವುದರಿಂದ, ದೂರು ಕೊಡಬೇಕಾದವರೇ ಆರೋಪಿಗಳಾಗುವುದೂ ಉಂಟು.

ಚಿತ್ರದುರ್ಗ ಜಿಲ್ಲೆಯನ್ನೇ ನೋಡೋಣ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಗಂಭೀರ ರೋಗಿಗಳು ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ದಾವಣಗೆರೆಗೋ ಬೆಂಗಳೂರಿಗೋ ಹೋಗಬೇಕಾಗುತ್ತದೆ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ, ಬೆಂಗಳೂರಿನ ಆಸ್ಪತ್ರೆಯಲ್ಲಿ ತಪ್ಪಾಗಿದ್ದರೆ ಸಾಮಾನ್ಯವಾಗಿ ಬೆಂಗಳೂರಿನಲ್ಲೇ ದೂರು ಹೂಡಬೇಕಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯಿದೆ ಇದನ್ನು ಬದಲಿಸಿತು. ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹೊಸದುರ್ಗದ ಕೂಲಿಕಾರನಿಗೆ ಈಗ ಚಿತ್ರದುರ್ಗದ ಜಿಲ್ಲಾ ಗ್ರಾಹಕ ಆಯೋಗವೇ ಸಾಕು. ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷ ರೂ. ಮೀರದಿದ್ದರೆ ಶುಲ್ಕವೂ ಇಲ್ಲ. ಆದರೆ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.

ಎಲ್ಲ ಆಸ್ಪತ್ರೆಗಳೂ ಈ ಕಾಯಿದೆಯಡಿ ಬರುವುದಿಲ್ಲ. 1995ರಲ್ಲಿ ಭಾರತೀಯ ವೈದ್ಯಕೀಯ ಸಂಘ ಮತ್ತು ವಿ. ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗೆರೆ ಎಳೆಯಿತು. ಎಲ್ಲರಿಗೂ ಉಚಿತ ಚಿಕಿತ್ಸೆ ನೀಡುವ ಆಸ್ಪತ್ರೆ ಇದರ ಹೊರಗೆ. ಹೆಸರಿಗೆ ಮಾತ್ರ ನೋಂದಣಿ ಶುಲ್ಕ ಪಡೆದರೂ ಅಷ್ಟೇ. ಕೆಲವರಿಂದ ಹಣ ಪಡೆದು ಬಡವರನ್ನು ಉಚಿತವಾಗಿ ನೋಡುವ ಆಸ್ಪತ್ರೆಯಾದರೆ ಆ ಬಡವರೂ ಗ್ರಾಹಕರೇ. ಧರ್ಮಸಂಸ್ಥೆಗಳು ನಡೆಸುವ ಆಸ್ಪತ್ರೆಗಳು ಈ ಮಾತನ್ನು ನೆನಪಿಡಬೇಕು. 'ನಾವು ಸೇವೆ ಮಾಡುತ್ತಿದ್ದೇವೆ' ಎಂಬುದು ಕಾನೂನಿನ ಮುಂದೆ ಉತ್ತರವಾಗದು.

ಪೊಲೀಸ್ ದೂರಿನ ದಾರಿ ಇನ್ನೂ ಕಿರಿದು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಂತೆ ವೈದ್ಯರನ್ನು ಕ್ರಿಮಿನಲ್ ಮೊಕದ್ದಮೆಗೆ ಗುರಿಪಡಿಸಬೇಕಾದರೆ ನಿರ್ಲಕ್ಷ್ಯ ಘೋರ ಸ್ವರೂಪದ್ದಾಗಿರಬೇಕು, ಸ್ವತಂತ್ರ ವೈದ್ಯರ ಅಭಿಪ್ರಾಯವೂ ಇರಬೇಕು. ಚಿಕಿತ್ಸೆ ಫಲಿಸಲಿಲ್ಲ ಎಂಬ ಮಾತ್ರಕ್ಕೆ ವೈದ್ಯ ಅಪರಾಧಿಯಾಗುವುದಿಲ್ಲ. ಇದು ನ್ಯಾಯವೇ ಸರಿ. ಹೆದರಿದ ವೈದ್ಯ ಗಂಭೀರ ರೋಗಿಯನ್ನು ಮುಟ್ಟದೆ ಮುಂದಿನ ಊರಿಗೆ ಕಳುಹಿಸಿದರೆ ನಷ್ಟ ಹಳ್ಳಿಯವರಿಗೇ.

ಈಗ ಸಾಕ್ಷ್ಯದ ಮಾತು. ಇಂದು ಸ್ಕ್ಯಾನ್, ಪ್ರಯೋಗಾಲಯದ ವರದಿ, ಬಿಲ್ಲು, ವೈದ್ಯರು ವಾಟ್ಸಾಪಿನಲ್ಲಿ ಕಳುಹಿಸಿದ ಸೂಚನೆ, ಸಿಸಿಟಿವಿ ದೃಶ್ಯ ಎಲ್ಲವೂ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಇವೆ. ಇವನ್ನು ನ್ಯಾಯಾಲಯ ಒಪ್ಪಬೇಕಾದರೆ ಕ್ರಮವೊಂದಿದೆ. 2020ರ ಅರ್ಜುನ್ ಪಂಡಿತರಾವ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪ್ರತಿಯನ್ನು ಹಾಜರುಪಡಿಸುವವರು ದೃಢೀಕರಣ ಪತ್ರ ಕೊಡಲೇಬೇಕೆಂದು ಹೇಳಿತು. ಮೂಲ ಸಾಧನವನ್ನೇ ಅದರ ಮಾಲೀಕ ಸಾಕ್ಷಿಯಾಗಿ ನಿಂತು ಹಾಜರುಪಡಿಸಿದರೆ ಪತ್ರ ಬೇಡ. ದಾಖಲೆ ಆಸ್ಪತ್ರೆಯ ವಶದಲ್ಲಿದ್ದು ಅವರು ಪತ್ರ ಕೊಡದಿದ್ದರೆ, ಕೊಡಿಸುವಂತೆ ನ್ಯಾಯಾಲಯವನ್ನೇ ಕೋರಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಈ ಪತ್ರಕ್ಕೆ ಎರಡು ಭಾಗ. ಒಂದನ್ನು ದಾಖಲೆ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಕಡತದ ಹ್ಯಾಶ್ ಮೌಲ್ಯವನ್ನೂ, ಅಂದರೆ ಒಂದಕ್ಷರ ಬದಲಾದರೂ ಬದಲಾಗುವ ಗುರುತುಸಂಖ್ಯೆಯನ್ನೂ, ನಮೂದಿಸಬೇಕು.

ಗ್ರಾಹಕ ಆಯೋಗದಲ್ಲಿ ಸಾಕ್ಷ್ಯದ ನಿಯಮಗಳು ಇಷ್ಟು ಬಿಗಿಯಲ್ಲ. ಅಫಿಡವಿಟ್ ಮತ್ತು ದಾಖಲೆಗಳ ಮೇಲೆಯೇ ವಿಚಾರಣೆ ನಡೆಯುತ್ತದೆ. ದಾಖಲೆ ತರಿಸುವ ಅಧಿಕಾರ ಆಯೋಗಕ್ಕಿದೆ. ಆದರೂ ಫಾರ್ವರ್ಡ್ ಆದ ಸಂದೇಶ, ಕತ್ತರಿಸಿದ ವಿಡಿಯೋ ಯಾರನ್ನೂ ನಂಬಿಸಲಾರವು.

ತಂತ್ರಜ್ಞಾನ ನ್ಯಾಯಕ್ಕೆ ನೆರವಾದ ಉದಾಹರಣೆಯೂ ಇದೆ. 1987ರಲ್ಲಿ ಮುಂಬಯಿಯಲ್ಲಿ ಕ್ಯಾನ್ಸರ್ ರೋಗಿಯೊಬ್ಬರಿಗೆ ನಡೆದ ಶಸ್ತ್ರಚಿಕಿತ್ಸೆಯ ಮೊಕದ್ದಮೆಯಲ್ಲಿ ಅಮೆರಿಕದ ವೈದ್ಯರ ಸಾಕ್ಷ್ಯ ಬೇಕಿತ್ತು. ವಿಡಿಯೋ ಕಾನ್ಫರೆನ್ಸ್ ಮೂಲಕ ಸಾಕ್ಷ್ಯ ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2003ರಲ್ಲಿ ಪ್ರಫುಲ್ ದೇಸಾಯಿ ಪ್ರಕರಣದಲ್ಲಿ ತೀರ್ಪಿತ್ತಿತು. 2013ರಲ್ಲಿ ಅದೇ ನ್ಯಾಯಾಲಯ ಆ ವೈದ್ಯರನ್ನು ಕ್ರಿಮಿನಲ್ ಆರೋಪದಿಂದ ಬಿಡುಗಡೆ ಮಾಡಿತು. ಸಾಕ್ಷ್ಯವನ್ನು ಪಡೆಯುವುದು ಬೇರೆ, ಅದರಿಂದ ಅಪರಾಧ ಸಾಬೀತಾಗುವುದು ಬೇರೆ. ಇಂದು ಜಿಲ್ಲಾ ಆಯೋಗದ ಮುಂದೆಯೂ ವಿಡಿಯೋ ಮೂಲಕ ವಿಚಾರಣೆ ಕೋರಲು ಕಾಯಿದೆಯಲ್ಲಿ ಅವಕಾಶವಿದೆ.

ಹಾಗಾದರೆ ಕುಟುಂಬದವರು ಮೊದಲು ಏನು ಮಾಡಬೇಕು? ಚಿಕಿತ್ಸೆಯ ದಾಖಲೆಗಳನ್ನು ಲಿಖಿತವಾಗಿ ಕೇಳಿ ಸ್ವೀಕೃತಿ ಪಡೆಯಬೇಕು. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ ವೈದ್ಯರು 72 ಗಂಟೆಯೊಳಗೆ ಅವನ್ನು ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು. ಸಿಸಿಟಿವಿ ದೃಶ್ಯ ಅಷ್ಟು ದಿನ ಉಳಿಯದು. ಹಳೆಯದರ ಮೇಲೆ ಹೊಸದು ದಾಖಲಾಗುತ್ತದೆ. ಅದನ್ನು ಉಳಿಸಿಡುವಂತೆ ಕೂಡಲೇ ಪತ್ರ ಕೊಡಬೇಕು. ಸಂದೇಶಗಳಿರುವ ಮೊಬೈಲನ್ನು ಮಾರಬಾರದು, ಯಾವುದನ್ನೂ ಅಳಿಸಬಾರದು.

ದುಃಖದಲ್ಲಿರುವ ಮನೆಯವರಿಗೆ ಇದೆಲ್ಲ ಹೊಳೆಯುವುದಿಲ್ಲ. ಸಾಂತ್ವನ ಹೇಳಲು ಹೋಗುವ ನಮ್ಮ ಕಾರ್ಯಕರ್ತರು ಆ ಎರಡು ಪತ್ರಗಳನ್ನು ಬರೆದುಕೊಟ್ಟರೆ ಅದೂ ಸಾಂತ್ವನವೇ. ದಾಖಲೆ ಕೈಗೆ ಬಂದ ಮೇಲೆ ವೈದ್ಯರದು ತಪ್ಪಿಲ್ಲ ಎಂದು ತಿಳಿದರೂ ಒಳ್ಳೆಯದೇ. ಸಂಶಯ ಹೊತ್ತು ಬದುಕುವುದಕ್ಕಿಂತ ಸತ್ಯ ತಿಳಿದು ಅಳುವುದು ಮೇಲು.