ಹಿಂಜರಿದವರು ಯಾರು?

ಲಸಿಕೆಗೆ ಅಡ್ಡಿಯಾಗಿರುವುದು ಓದುಬರಹ ಬಾರದವರ ಮೌಢ್ಯ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಮಾಡಿರುವ ವಾದ ಜಯನಗರದ ಕಾಫಿಹರಟೆಗೆ ಹಿತವಾಗಿದೆ. ನಡೆದದ್ದು ಬೇರೆ.

2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಅಭಿಯಾನಕ್ಕೆ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ. ವಾಟ್ಸ್‌ಆ್ಯಪ್ ವದಂತಿ ನಂಬಿ ಹಿಂದೇಟು ಹಾಕಿದವರಲ್ಲಿ ಖಾಸಗಿ ಶಾಲೆಗಳ ಪೋಷಕರೂ ಇದ್ದರು. ಅವರೇನು ಅನಕ್ಷರಸ್ಥರೇ?

2021ರ ಕಥೆ ಇನ್ನೂ ಸ್ವಾರಸ್ಯ. ಮೇ ತಿಂಗಳಲ್ಲಿ ದಾಸ್ತಾನಿಲ್ಲದೆ 18ರಿಂದ 44 ವರ್ಷದವರ ಕೋವಿಡ್ ಲಸಿಕೆಯನ್ನು ರಾಜ್ಯವೇ ತಡೆಹಿಡಿಯಿತು. ಲಸಿಕೆ ನೋಂದಣಿಯ ಕೋವಿನ್ ತಾಣಕ್ಕೆ ಕನ್ನಡ ಬಂದದ್ದು ಜೂನ್‌ನಲ್ಲಿ. ಅಲ್ಲಿಯವರೆಗೆ ಬಿಟಿಎಂ ಲೇಔಟ್‌ನ ಮನೆಗೆಲಸದಾಕೆ ಒಟಿಪಿ ಹಿಡಿದು, ಇಂಗ್ಲಿಷಿನಲ್ಲೇ ಸ್ಲಾಟ್ ಗಿಟ್ಟಿಸಬೇಕಿತ್ತು. ಚುಚ್ಚಿಸಿಕೊಂಡು ಜ್ವರ ಬಂದರೆ ಸಂಬಳ ಕಡಿತ, ಅದೂ ಅಂಜಿಕೆಯೇ. ಆಕೆಗೆ ಸಂಬಳಸಹಿತ ಎರಡು ದಿನ ರಜೆ ಕೊಟ್ಟ ಮನೆಗಳೆಷ್ಟು? ಲೇಖಕರು ಕೇಳಲಿಲ್ಲ.